ಏಳನೇ ಕ್ಲಾಸಿನ ಹುಡುಗಿ, ಕೂಲಿ ಲೆಕ್ಕ

ರಾಗಿ ಕುಯ್ಲು ಮುಗೀತು, ಮೆದೆ ಹಾಕಿದ್ದಾಯ್ತು. ಇಳುವರಿ ಕೇಳಿದೋರಿಗೆ ಒಕ್ಕಣೆ ಆದ್ಮೇಲೆ ಬರೀತೀನಿ. ಇವತ್ತು ಬೇರೆ ವಿಚಾರ.

ಭಾನುವಾರ ಕುಯ್ಲಿಗೆ ಬಂದ ಹೆಣ್ಣಾಳೊಬ್ಬರ ಜೊತೆ ಅವರ ಮಗಳೂ ಬಂದಿದ್ಲು. ನಮ್ಮೂರ ಸರ್ಕಾರಿ ಶಾಲೇಲಿ ಏಳನೇ ಕ್ಲಾಸು. ಸಂಜೆ ಕೂಲಿ ಕೊಡೋಕೆ ನಾನು ಮೊಬೈಲಲ್ಲಿ ಗುಣಿಸ್ತಿದ್ದೆ. ಐದು ಪೂರಾ ಆಳು, ಎರಡು ಅರ್ಧಾಳು, ಆಳಿಗೆ 350. ಅವಳು ಅಮ್ಮನ ಕುಡುಗೋಲು ಒರೆಸ್ತಾನೇ "2100" ಅಂದ್ಲು. ಬದು ಮೇಲೆ ಕೂತಿದ್ದ ನನ್ನ ಮೊಮ್ಮಗ, ವ್ಯಾನಲ್ಲಿ ಕಾನ್ವೆಂಟಿಗೆ ಹೋಗೋನು, "ಅವ್ಳು ಕೂಲಿಯೋರ ಸ್ಕೂಲಲ್ವಾ ತಾತ, ಅವ್ಳಿಗೆಂಗೆ ಗೊತ್ತಾಯ್ತು?" ಅಂದ.

ಇದನ್ನ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮೊದಲು ಆ ಶಾಲೇಲಿ ಹೊಲ ಇದ್ದೋರ ಮಕ್ಕಳು, ಕೂಲಿಯೋರ ಮಕ್ಕಳು ಒಂದೇ ಸಾಲಲ್ಲಿ ಬಿಸಿಯೂಟಕ್ಕೆ ಕೂರ್ತಿದ್ರು. ವ್ಯಾನು ಬಂತು, ಸಾಲು ಒಡೀತು. ಇನ್ನು ಅರವತ್ತು ದಾಟಿದ ಹೆಂಗಸನ್ನ ಐದು ವರ್ಷದ ಹುಡುಗ್ರು ಹೆಸರು ಹಿಡಿದು "ಬಾರೇ" ಅಂತವೆ, ಆಕೆ "ಬಂದೆ ಬುದ್ಧಿ" ಅಂತಾರೆ. ಆಳಿಗೆ ಅಂತ ಶೆಡ್ಡಿನ ಕಿಟಕೀಲಿ ಬೇರೆ ಲೋಟ ಇರುತ್ತೆ. ಯಾರ ಮನೇಲಿ ಅಂತ ಬರೆಯಲ್ಲ, ಓದೋರಿಗೆ ಗೊತ್ತು. ಅಆಇಈ ಕಲಿಯೋಕೆ ಮುಂಚೇನೇ ಮಕ್ಕಳು ಇದನ್ನೆಲ್ಲಾ ಓದ್ಕೊಂಡಿರ್ತಾವೆ. ಬಾ ಅನ್ನೋ ಮನೆ ಮಕ್ಕಳೂ ಅಷ್ಟೇ, ಬುದ್ಧಿ ಅನ್ನೋ ಮನೆ ಮಕ್ಕಳೂ ಅಷ್ಟೇ.

ಬಿ.ಎಡ್ ಓದಿರೋ ನನ್ನ ಸೊಸೆ ಒಂದು ಪರೀಕ್ಷೆ ವಿಷಯ ಹೇಳಿದ್ಲು. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅಂತ ಇಬ್ರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕೋ ಚಿತ್ರ ಕೊಟ್ರಂತೆ. ಪೇಪರಲ್ಲಿ ಬರುತ್ತಲ್ಲ, ಇಲಿಗೆ ದಾರಿ ತೋರಿಸಿ ಅಂತ, ಅಂಥದ್ದು. ಜಾತಿ ಎತ್ತದೆ ಕೂರಿಸಿದಾಗ ಮೇಲ್ಜಾತಿ ಹುಡುಗರೂ ದಲಿತ ಹುಡುಗರೂ ಹೆಚ್ಚುಕಮ್ಮಿ ಸಮ. ಎಲ್ರ ಮುಂದೆ ಹೆಸರು, ಜಾತಿ ಕೂಗಿ ಕೂರಿಸಿದಾಗ ದಲಿತ ಹುಡುಗರು ಬಿಡಿಸಿದ್ದು ಸುಮಾರು ಐದರಲ್ಲೊಂದು ಪಾಲು ಕಮ್ಮಿ. ಕೂಗಿದ್ದಕ್ಕೇ ಅಷ್ಟು. ನಮ್ಮೂರಲ್ಲಿ ದಿನಾ ಕೂಗ್ತೀವಿ.

ಮುಂದಿನ ವರ್ಷ ಹೈಸ್ಕೂಲು ಎಲ್ಲಮ್ಮಾ ಅಂತ ಆ ಹುಡುಗೀನ ಕೇಳ್ದೆ. ಇಲ್ಲಿ ಏಳರ ತನಕ ಮಾತ್ರ, ಆಮೇಲೆ ಆರು ಕಿಲೋಮೀಟರ್ ಬಸ್ಸು. "ನಮಗ್ಯಾಕೆ ಬುದ್ಧಿ ಹೈಸ್ಕೂಲು" ಅಂದ್ಲು. 2100 ಅಂದಾಗ ಇದ್ದ ದನಿ ಆಗ ಇರ್ಲಿಲ್ಲ. ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಮಕ್ಕಳಿಗೆ ಬಸ್ಸು ಫ್ರೀ, ಚಾರ್ಜಿನ ಮಾತೂ ಅಲ್ಲ.

ಅವರಮ್ಮನ ಹತ್ರ ಮಾತಾಡಿದೀನಿ, "ಒಬ್ಳನ್ನೇ ಹೆಂಗೆ ಕಳ್ಸಾದು, ನೋಡಾಣ" ಅಂದವ್ರೆ. ಅಕ್ಕಪಕ್ಕದ ಊರಿಂದ ಜೂನಿಗೆ ಎಂಟನೇ ಕ್ಲಾಸಿಗೆ ಆ ಬಸ್ಸು ಹತ್ತೋ ಹೆಣ್ಮಕ್ಕಳು ಯಾರಾದ್ರೂ ಇದ್ರೆ ನನಗೊಂದು ಫೋನ್ ಮಾಡಿ.