ಹದಿಮೂರನೆಯ ಅತಿಥಿ

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು ಎಂಬುದನ್ನು ಬ್ರೂಕ್ಲಿನ್ನಿನ ಅಬಿ ಅತ್ತೆ, ಮಾರ್ಥಾ ಅತ್ತೆಯರಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಕೋಣೆ ಬಾಡಿಗೆಗಿದೆಯೇ ಎಂದು ಕೇಳಿಕೊಂಡು ಬರುವ ಒಂಟಿ ಮುದುಕರನ್ನು ಕೂರಿಸಿ, ಯೋಗಕ್ಷೇಮ ವಿಚಾರಿಸಿ, ಮನೆಯಲ್ಲೇ ಮಾಡಿದ ಎಲ್ಡರ್‌ಬೆರಿ ವೈನ್ ಕೊಡುತ್ತಾರೆ. ಒಂದು ಗ್ಯಾಲನ್ ವೈನಿಗೆ ಒಂದು ಚಮಚ ಆರ್ಸೆನಿಕ್, ಅರ್ಧ ಚಮಚ ಸ್ಟ್ರಿಕ್ನಿನ್, ಮೇಲಿಷ್ಟು ಸಯನೈಡ್, ಚಿಟಿಕೆಯಷ್ಟು. ನಮ್ಮಮ್ಮ ಪುಳಿಯೋಗರೆ ಗೊಜ್ಜಿನ ಅಳತೆ ಹೇಳುತ್ತಿದ್ದ ಧಾಟಿಯಲ್ಲೇ ಮಾರ್ಥಾ ಅತ್ತೆ ಇದನ್ನು ಹೇಳುತ್ತಾಳೆ. ನೆಲಮಾಳಿಗೆಯಲ್ಲಿ ಆಗಲೇ ಹನ್ನೊಂದು ಜನ ಮಲಗಿದ್ದಾರೆ. ಹನ್ನೆರಡನೆಯವನು ಕಿಟಕಿ ಪಕ್ಕದ ಪೆಟ್ಟಿಗೆಯೊಳಗೆ ಸರದಿ ಕಾಯುತ್ತಿದ್ದಾನೆ.

ಈ ಅತ್ತೆಯರ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' ಚಿತ್ರವನ್ನು ನಾನು ಮೊದಲು ನೋಡಿದ್ದು ಕಾಲೇಜಿನಲ್ಲಿದ್ದಾಗ, ಫಿಲ್ಮ್ ಸೊಸೈಟಿಯವರ ಮಡಚುವ ಕಬ್ಬಿಣದ ಕುರ್ಚಿಯ ಮೇಲೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಕೇರಿ ಗ್ರಾಂಟ್ ಒಬ್ಬನೇ. ಮದುವೆಯನ್ನು ಬೈದು ಪುಸ್ತಕ ಬರೆದು, ಕೊನೆಗೆ ಪಕ್ಕದ ಮನೆಯ ಪಾದ್ರಿಯ ಮಗಳನ್ನೇ ಕಟ್ಟಿಕೊಂಡು ಬರುವ ನಾಟಕ ವಿಮರ್ಶಕ ಮಾರ್ಟಿಮರ್ ಅವನು. ಪೆಟ್ಟಿಗೆಯ ಮುಚ್ಚಳ ಎತ್ತಿ ಹೆಣ ನೋಡಿ, ಮುಚ್ಚಿ, ಆಮೇಲೆ ಅವನ ಹುಬ್ಬು, ಕಣ್ಣು, ಕುತ್ತಿಗೆ ಒಂದೊಂದಾಗಿ ಅವನ ಹಿಡಿತ ತಪ್ಪುತ್ತಿದ್ದರೆ, ನನ್ನ ಕುರ್ಚಿ ತಾನೇ ಮಡಚಿಕೊಂಡಿತು. ಈ ಅಭಿನಯ ಗ್ರಾಂಟನಿಗೇ ಹಿಡಿಸಿರಲಿಲ್ಲವಂತೆ, ಅತಿಯಾಯಿತು ಅನ್ನುತ್ತಿದ್ದ. ಅತಿಯಾದದ್ದು ನಿಜ. ಆದರೆ ಆ ಮನೆಯಲ್ಲಿ ಬೆಚ್ಚಿಬೀಳಲು ಬೇರೆ ಯಾರಿದ್ದರು?

ಉಳಿದವರೆಲ್ಲ ಏನೂ ಆಗಿಲ್ಲವೆಂಬಂತೆ ಇರುತ್ತಾರೆ, ಚಿತ್ರದ ಸೊಗಸೇ ಅದು. ತಾನು ಅಧ್ಯಕ್ಷ ರೂಸ್‌ವೆಲ್ಟ್ ಎಂದುಕೊಂಡ, ಮಾರ್ಟಿಮರ್‌ನ ಸೋದರ ಟೆಡ್ಡಿ ಕಹಳೆ ಊದಿ, ಕತ್ತಿ ಹಿರಿದು ಮಹಡಿ ಮೆಟ್ಟಿಲಿನ ಮೇಲೆ ದಾಳಿ ಮಾಡುತ್ತಾನೆ. ನೆಲಮಾಳಿಗೆಯಲ್ಲಿ ಪನಾಮಾ ಕಾಲುವೆ ತೋಡುತ್ತಾನೆ. ಅತ್ತೆಯರಿಗೆ ಗುಂಡಿ ಬೇಕಾದಾಗಲೆಲ್ಲ ಕಾಲುವೆಯ ಕೆಲಸ ಮುಂದುವರಿಯುತ್ತದೆ. ಟೆಡ್ಡಿಯಾದ ಜಾನ್ ಅಲೆಕ್ಸಾಂಡರ್, ಅತ್ತೆಯರಾದ ಜೋಸೆಫಿನ್ ಹಲ್, ಜೀನ್ ಅಡೇರ್ ಮೂವರೂ 1941ರ ಜನವರಿಯಿಂದ ಬ್ರಾಡ್‌ವೇಯ ಮೂಲ ನಾಟಕದಲ್ಲಿ ಇದೇ ಪಾತ್ರಗಳನ್ನು ಆಡುತ್ತಿದ್ದವರು. ನಿರ್ದೇಶಕ ಫ್ರಾಂಕ್ ಕಾಪ್ರಾ ಅವರನ್ನು ರಜೆಯ ಮೇಲೆ ಕರೆಸಿಕೊಂಡ. ಹಲ್ ಅವರ ಪುಟುಪುಟು ಓಟದಲ್ಲಿ ಆ ಪಳಗಿದ ಕೈ, ಅಲ್ಲ ಕಾಲು, ಕಾಣುತ್ತದೆ.

ರಜೆ ಸಿಗದವನು ಭಯಾನಕ ಚಿತ್ರಗಳ ನಟ ಬೋರಿಸ್ ಕಾರ್ಲಾಫ್. ಮುಖಕ್ಕೆ ಹೊಲಿಗೆ ಹಾಕಿಸಿಕೊಂಡ ಮಾರ್ಟಿಮರ್‌ನ ಕೊಲೆಗಡುಕ ಅಣ್ಣ ಜೊನಾಥನ್‌ನನ್ನು ಯಾರಾದರೂ 'ಕಾರ್ಲಾಫನ ಹಾಗಿದ್ದೀಯಲ್ಲ' ಅಂದರೆ ಸಾಕು, ಅವನು ಕೆರಳುತ್ತಾನೆ. ನಾಟಕದಲ್ಲಿ ಅದನ್ನು ಕೇಳಿಸಿಕೊಂಡು ಕೆರಳುತ್ತಿದ್ದವನು ಸಾಕ್ಷಾತ್ ಕಾರ್ಲಾಫನೇ! ಚಿತ್ರದಲ್ಲಿ ರೇಮಂಡ್ ಮಾಸಿ ಆ ಮುಖ ಹೊತ್ತ. ಜೊನಾಥನ್‌ನ ಹೆಣಗಳೂ ಹನ್ನೆರಡೇ. ಅತ್ತೆಯರ ಲೆಕ್ಕ ಕೇಳಿ ಅವನಿಗೆ ಅವಮಾನ. ಅವನ ಹಿಂದೆ ಸದಾ ನಿದ್ದೆಗಣ್ಣಿನ, ಸದಾ ಕುಡಿಯಲು ಹುಡುಕುವ ಡಾಕ್ಟರ್, ಪೀಟರ್ ಲೋರೆ. ಅವನಿಗೆ ಆ ವೈನ್ ಬಾಟಲಿ ಸಿಕ್ಕಿಬಿಡುತ್ತದೇನೋ ಎಂದು ಈಗಲೂ ನನ್ನ ಜೀವ ಹೊಡೆದುಕೊಳ್ಳುತ್ತದೆ.

ಮೊನ್ನೆ ಮಗಳು ವಿದೇಶದಿಂದಲೇ ಟಿವಿಗೆ ಅದೇನೋ ಜೋಡಿಸಿಕೊಟ್ಟು, 'ಅಪ್ಪ, ಹಳೇದೆಲ್ಲ ನೋಡ್ಕೊಂಡಿರಿ' ಅಂದಳು. ನೋಡಿದೆ. ಈ ಸಲ ಗ್ರಾಂಟ್ ಕಾಣಲೇ ಇಲ್ಲ. ಕಂಡವನು ಮಿಸ್ಟರ್ ಗಿಬ್ಸ್. ಕೋಣೆ ಕೇಳಿಕೊಂಡು ಬರುವ ಸಿಡುಕು ಮುದುಕ. ಕೆಲವೇ ನಿಮಿಷದ ಪಾತ್ರ. ನೆಂಟರಿಷ್ಟರು? ಯಾರೂ ಇಲ್ಲ. ಒಬ್ಬರೇ? ಹೂಂ. ಅತ್ತೆಯರ ಮುಖ ಅರಳುತ್ತದೆ, ಲೋಟ ತುಂಬುತ್ತದೆ. ಹದಿಮೂರನೆಯವನಾಗಬೇಕಿದ್ದವನ ತುಟಿಗೆ ಲೋಟ ತಗಲುವಷ್ಟರಲ್ಲಿ ಮಾರ್ಟಿಮರ್ ಕಿರುಚಿ ಅವನನ್ನು ಹೊರಗಟ್ಟುತ್ತಾನೆ. ಕಾಲೇಜಿನಲ್ಲಿ ಇಲ್ಲೇ ನಾನು ಹೆಚ್ಚು ನಕ್ಕಿದ್ದು. ಗಿಬ್ಸ್ ಆಗಿದ್ದ ಎಡ್ವರ್ಡ್ ಮೆಕ್ವೇಡ್ ಚಿತ್ರದ ಬಿಡುಗಡೆ ನೋಡಲಿಲ್ಲ. 1941ರಲ್ಲಿ ತೆಗೆದ ಚಿತ್ರ, ನಾಟಕ ಓಡುತ್ತಲೇ ಇದ್ದುದರಿಂದ, ಬಿಡುಗಡೆಯಾದದ್ದು 1944ರಲ್ಲಿ. ಆತ 1943ರಲ್ಲೇ ತೀರಿಕೊಂಡಿದ್ದ.

ಚಿತ್ರ ಮುಗಿಯುವ ಹೊತ್ತಿಗೆ ಬಾಗಿಲ ಗಂಟೆ. ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದ ಹಿರಿಯಾಕೆ, ಕೈಯಲ್ಲಿ ಸ್ಟೀಲ್ ಲೋಟ.

'ನೆಲ್ಲಿಕಾಯಿ ಶರಬತ್ತು ರಾಯರೇ, ಮನೇಲೇ ಮಾಡಿದ್ದು. ನೀವು ಒಬ್ಬರೇ ಇರೋದಾ?'

'ಇಲ್ಲಮ್ಮ, ದೊಡ್ಡ ಸಂಸಾರ. ರಾತ್ರಿ ಎಲ್ಲ ಬರ್ತಾರೆ' ಅಂದೆ.

ಬಾಗಿಲು ಹಾಕಿಕೊಂಡು ಒಂದು ಗುಟುಕು ಕುಡಿದೆ. ಉಪ್ಪು ತುಸು ಮುಂದಾಗಿತ್ತು.