ಅಘನಾಶಿನಿಯ ಸಿಗಡಿ

ಗೋಕರ್ಣದಿಂದ ದಕ್ಷಿಣಕ್ಕೆ ಹೊರಟ ದಾರಿ ತದಡಿಯ ದಕ್ಕೆಯಲ್ಲಿ ಮುಗಿಯುತ್ತದೆ, ಎದುರಿಗೆ ಅಘನಾಶಿನಿ. ಶಿರಸಿಯ ಘಟ್ಟದಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟಿನ ಅಡ್ಡಿಯನ್ನೇ ಕಾಣದೆ ಇಳಿದು ಬರುವ ಈ ನದಿ, ಕಡಲನ್ನು ಸೇರುವ ಮುನ್ನ ವಿಶಾಲವಾಗಿ ಹರಡಿಕೊಂಡು, ಉಬ್ಬರದಲ್ಲಿ ಉಪ್ಪಾಗಿ, ಇಳಿತದಲ್ಲಿ ಸಪ್ಪೆಯಾಗಿ ದಿನಕ್ಕೆರಡು ಸಲ ರುಚಿ ಬದಲಿಸುತ್ತದೆ. ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಯಲ್ಲಿ ಈ ಅಳಿವೆಯ ಹೆಸರು 2024ರಲ್ಲಿ ಪ್ರಕಟವಾಯಿತು. ಕುಮಟೆಯ ಅಡಿಗೆಮನೆಗಳಾದರೋ ಅದರ ಬೆಲೆಯನ್ನು ಬಹಳ ಹಿಂದೆಯೇ ಅರಿತಿದ್ದವು. ಸಿಗಡಿಯ ತವರು ಇದು. ಊರವರ ಬಾಯಲ್ಲಿ ಅದು ಶೆಟ್ಲಿ. ಕೊಂಕಣಿಗರಿಗೆ ಸುಂಗಟ, ತುಳುವರಿಗೆ ಎಟ್ಟಿ.

ನದಿಯ ಇಕ್ಕೆಲದ ತಗ್ಗು ಗದ್ದೆಗಳಿಗೆ ಗಜನಿಯೆಂದು ಹೆಸರು. ಮಳೆಯ ನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗವೆಂಬ, ಉಪ್ಪಿಗೂ ನೆರೆಗೂ ಜಗ್ಗದ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಬ್ಬರವನ್ನು ಒಳಗೆ ಬಿಟ್ಟರೆ, ನೀರಿನೊಡನೆ ಸಿಗಡಿಯ ಮರಿಗಳೂ ಬರುತ್ತವೆ. ಕೊಳೆಯುವ ಕೂಳೆಯ ಆಸರೆಯಲ್ಲಿ ಅವು ಬಲಿಯುತ್ತವೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರಾಯಿತು. ಒಂದೇ ಗದ್ದೆ ಅನ್ನವನ್ನೂ ಸಾರನ್ನೂ ಕೊಡುವ ಈ ಏರ್ಪಾಡು ಈಗ ಕ್ಷೀಣಿಸಿದೆ. ಸಿಗಡಿಯ ಲಾಭವೊಂದನ್ನೇ ನೆಚ್ಚಿ ಎಷ್ಟೋ ಗಜನಿಗಳಲ್ಲಿ ಭತ್ತವನ್ನು ಕೈಬಿಟ್ಟರು. ದಪ್ಪ ಸಿಗಡಿ ಮಂಜುಗಡ್ಡೆಯ ಪೆಟ್ಟಿಗೆಯೇರಿ ದೂರ ಹೋಗುತ್ತದೆ. ಮನೆಯ ಪಾಲಿಗೆ ಉಳಿಯುವುದು ಹೆಚ್ಚಾಗಿ ಸಣ್ಣದು. ಸಾರಿಗೆ ಸಣ್ಣದೇ ಮೇಲೆಂದು ಇಲ್ಲಿಯ ಗೃಹಿಣಿಯರ ಮತ. ಅದು ಬರಿಯ ಸಮಾಧಾನದ ಮಾತಲ್ಲವೆಂದು ಉಂಡವರು ಒಪ್ಪಲೇಬೇಕು.

ಪೇಟೆಯಲ್ಲಿ ಅವರ ಕಣ್ಣು ಮೊದಲು ಬೀಳುವುದು ತಲೆಯ ಮೇಲೆ. ತಲೆ ಮೈಗೆ ಬಿಗಿದಿರಬೇಕು, ಸಿಪ್ಪೆ ಹೊಳೆಯುತ್ತಿರಬೇಕು. ತಲೆಯೊಳಗಿನ ಜೀರ್ಣರಸ ಮಾಂಸವನ್ನು ಬೇಗ ಮೆದುಗೊಳಿಸುವುದರಿಂದ, ಮನೆಗೆ ಬಂದೊಡನೆ ತಲೆಯನ್ನು ಕೀಳುತ್ತಾರೆ. ಬೆನ್ನಿನ ಕರಿಯ ಎಳೆಯನ್ನೂ ತೆಗೆಯುತ್ತಾರೆ. ನರವೆಂದು ಕರೆದರೂ ಅದು ಕರುಳು. ತಲೆ, ಸಿಪ್ಪೆಗಳನ್ನು ಬಿಸಾಡುವುದು ದುಂದು. ನೀರಿನಲ್ಲಿ ಕುದಿಸಿ ಸೋಸಿದರೆ ಸಾರಿನ ಅರ್ಧ ರುಚಿ ಆ ನೀರಿನಲ್ಲೇ ಇರುತ್ತದೆ.

ಸಿಗಡಿಗೆ ಬೇಕಾದುದು ಮೂರು ನಾಲ್ಕು ನಿಮಿಷದ ಉರಿ ಮಾತ್ರ. ಗಾಜಿನಂತಿದ್ದ ಮೈ ಬೆಳ್ಳಗಾಗಿ, ಕೆಂಪು ಮೂಡಿ, ಬಾಗಿದೊಡನೆ ಇಳಿಸಬೇಕು, ತಡೆದರೆ ರಬ್ಬರು. ಆದುದರಿಂದ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಅರೆದ ಮಸಾಲೆ ಚೆನ್ನಾಗಿ ಕುದಿದು, ಮುರುಗಲ ಸಿಪ್ಪೆ ಹುಳಿ ಬಿಟ್ಟ ಮೇಲೆಯೇ ಸಿಗಡಿ ಪಾತ್ರೆಗಿಳಿಯುತ್ತದೆ. ದಕ್ಷಿಣಕ್ಕೆ, ಮಂಗಳೂರಿನ ಕಡೆ, ಅದಕ್ಕೆ ಸೌತೆಕಾಯಿಯೋ ಬಸಳೆಯೋ ಜೊತೆಗೂಡುತ್ತದೆ. ಅಲ್ಲಿಯೂ ತರಕಾರಿ ಬೆಂದ ಮೇಲೆಯೇ ಸಿಗಡಿಯ ಸರದಿ. ಸುಕ್ಕಕ್ಕೆ ನೀರೇ ಬೇಡ. ಸಿಗಡಿ ತಾನೇ ಬಿಟ್ಟ ನೀರು ದೊಡ್ಡ ಉರಿಯಲ್ಲಿ ಬತ್ತುವಷ್ಟರಲ್ಲಿ ಮಸಾಲೆ, ಹುರಿದ ಕಾಯಿತುರಿ ಬೆರೆತಿರಬೇಕು. ಕಾರವಾರದವರು ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯುತ್ತಾರೆ. ಅತಿಥಿಗಳಿಗೆ ಇದು ಬೇಗ ಒಗ್ಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಡಬ್ಬಿಯಿಂದ ಹೊರಬರುವುದು ಬೇಸಗೆಯ ಬಿಸಿಲಲ್ಲಿ ಒಣಗಿಸಿಟ್ಟ ಸಣ್ಣ ಸಿಗಡಿ. ಅದನ್ನು ಗರಿಗರಿಯಾಗಿ ಹುರಿದು, ಕಾಯಿ, ಕೆಂಪು ಮೆಣಸು, ಹುಣಸೆಯೊಡನೆ ತರಿತರಿಯಾಗಿ ಅರೆದರೆ ಚಟ್ನಿ. ಹೊರಗೆ ಸುರಿಯುವ ಮಳೆ, ಒಳಗೆ ಕುಚ್ಚಲಕ್ಕಿಯ ಬಿಸಿ ಗಂಜಿ, ಬಟ್ಟಲ ಅಂಚಿನಲ್ಲಿ ಬೆರಳ ತುದಿಯಷ್ಟು ಆ ಚಟ್ನಿ.