ಕೊಡುವವರು ಯಾರು?

ಶಿಬಿ ತನ್ನ ತೊಡೆಯ ಮಾಂಸವನ್ನು ತಾನೇ ಕೊಯ್ದು ತಕ್ಕಡಿಯಲ್ಲಿಟ್ಟ; ದಧೀಚಿ ತನ್ನ ಎಲುಬನ್ನು ತಾನೇ ಒಪ್ಪಿಸಿದ. ಪುರಾಣದ ದಾನಿಗಳಿಗೆ ಒಂದು ಅನುಕೂಲವಿತ್ತು: ಕೊಡುವೆನೆಂದು ಹೇಳಲು ಅವರಿಗೆ ಬಾಯಿತ್ತು. ಇಂದಿನ ಆಸ್ಪತ್ರೆಯ ದಾನಿಗೆ ಆ ಭಾಗ್ಯವಿಲ್ಲ. ಅವನ ಮಾತು ಶಾಶ್ವತವಾಗಿ ನಿಂತ ಮೇಲೆಯೇ ದಾನದ ಮಾತು ಹೊರಡುವುದು. ಆದುದರಿಂದ ನಿಜವಾಗಿ ಕೊಡುವವರು, ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತಿರುವ ತಾಯಿ, ಹೆಂಡತಿ, ಅಣ್ಣಂದಿರು.

ಅವರ ಸಂಕಟ ಸಾಮಾನ್ಯವಾದುದಲ್ಲ. ‘ಉಸಿರು ನಿಂತಿತು’ ಎಂದರೇ ಕನ್ನಡದಲ್ಲಿ ಸಾವು. ಒಳಗೆ ಮಲಗಿರುವ ಮಗನ ಎದೆಯೋ ಏರಿಳಿಯುತ್ತಿದೆ. ಮೈ ಇನ್ನೂ ಬೆಚ್ಚಗಿದೆ. ಉಸಿರಾಡುತ್ತಿರುವುದು ಯಂತ್ರವೇ ಹೊರತು ಮಗನಲ್ಲವೆಂದರೆ ಯಾವ ತಾಯಿ ತಟ್ಟನೆ ನಂಬಿಯಾಳು? 1994ರ ಕಾಯಿದೆ ಮಿದುಳುಕಾಂಡದ ಸಾವನ್ನು ಸಾವೆಂದೇ ಒಪ್ಪಿತು. ನಾಲ್ವರು ವೈದ್ಯರ ಮಂಡಲಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಆದರೆ ಕಾಯಿದೆ ಒಪ್ಪಿದಷ್ಟು ಬೇಗ ಕರುಳು ಒಪ್ಪದು. ಕಾಲವಾದರೂ ಕಾಯುವುದೇ? ಹೊರತೆಗೆದು ಮಂಜುಗಡ್ಡೆಯಲ್ಲಿಟ್ಟ ಹೃದಯಕ್ಕೆ 4ರಿಂದ 6 ಗಂಟೆಯಷ್ಟೇ ಅವಧಿ.

2013ರಲ್ಲಿ ಭಾರತದಲ್ಲಿ ನಡೆದ ಅಂಗ ಕಸಿಗಳು 5,000ಕ್ಕೂ ಕಡಿಮೆ; 2023ರಲ್ಲಿ 18,000ಕ್ಕೂ ಹೆಚ್ಚು. ಹಿಗ್ಗಬೇಕಾದ ಲೆಕ್ಕವೇ. ಆದರೆ ಆ ವರ್ಷ ಮರಣಾನಂತರ ಅಂಗ ಕೊಟ್ಟವರು 1,100ರಷ್ಟು ಮಾತ್ರ. ಮಿಕ್ಕ ಬಹುಪಾಲನ್ನು ಬದುಕಿರುವವರೇ ಕೊಟ್ಟರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಸತ್ತವರಿಂದ ಬಾರದ ಮೂತ್ರಪಿಂಡಕ್ಕಾಗಿ ಮನೆಯ ಸೊಸೆಯೋ ತಾಯಿಯೋ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುತ್ತಾಳೆಂಬುದೇ ಇದರ ಅರ್ಥ.

ಕನ್ನಡನಾಡಿಗೆ ನೇತ್ರದಾನ ಹೊಸತಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳು ಪರರಿಗೆ ಬೆಳಕಾದುದನ್ನು ನಾಡೇ ಕಂಡಿತು. ಕಣ್ಣನ್ನು ಹೃದಯ ನಿಂತ ಮೇಲೂ, ಸುಮಾರು 6 ಗಂಟೆಯೊಳಗೆ, ಮನೆಯಲ್ಲಿಯೇ ಪಡೆಯಬಹುದು. ಹೃದಯ, ಯಕೃತ್ತುಗಳ ದಾನ ಅದಕ್ಕಿಂತ ಕಠಿನ. ಅಲ್ಲಿ ಮಿಡಿಯುತ್ತಿರುವ ದೇಹಕ್ಕೇ ವಿದಾಯ ಹೇಳಬೇಕು. 2021ರ ಜೂನ್‌ನಲ್ಲಿ, ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ಕಠಿನವನ್ನು ಸಾಧಿಸಿದರು.

ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದವರು ಅನೇಕರು. ಆ ಪತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಆ ಗಳಿಗೆಯಲ್ಲಿ ವೈದ್ಯರು ಕೇಳುವುದು ಮನೆಯವರನ್ನೇ. ಮದುವೆ, ಮನೆ, ವಿಮೆ ಎಲ್ಲದರ ಮಾತೂ ಊಟದ ಹೊತ್ತಿನಲ್ಲಿ ನಡೆಯುತ್ತದೆ. ಸಾವಿನ ಮಾತು ಮಾತ್ರ ‘ಬಿಡ್ತು ಅನ್ನು’ ಎಂಬ ಗದರಿಕೆಯಲ್ಲಿ ಮುಗಿದುಹೋಗುತ್ತದೆ. ಗದರಿದ ತಾಯಿಯೇ ಒಂದು ದಿನ ಮಗನ ಮನಸ್ಸನ್ನು ಊಹಿಸುತ್ತ ಕೂರಬೇಕಾದೀತು. ಬದುಕಿರುವಾಗ ಆಡಿಟ್ಟ ಒಂದು ಮಾತು ಅವಳ ದುಃಖವನ್ನು ಕಳೆಯದು, ಸಂದೇಹವನ್ನಾದರೂ ಕಳೆಯುತ್ತದೆ. ದಾನಿಯು ತನ್ನ ಬಾಯಿಂದಲೇ ಕೊಡಬಲ್ಲುದು ಅದೊಂದನ್ನೇ.